ನೌಕಾಪಡೆಯ ಸೀ ಹ್ಯಾರಿಯರ್, 1/72: ಮಳೆಗಾಲದ ಮುಂಬಯಿಯಲ್ಲಿ ಬಣ್ಣ, ವೆದರಿಂಗ್ ಮತ್ತು ಡೆಕಾಲ್

ಮುಲುಂಡ್ ರೆಕ್ಕೆ:
ಎಲ್ಲರಿಗೂ ನಮಸ್ಕಾರ. ಏರ್‌ಫಿಕ್ಸ್‌ನ 1/72 ಅಳತೆಯ ಸೀ ಹ್ಯಾರಿಯರ್ ಎಫ್‌ಆರ್‌ಎಸ್ 1 ಕಿಟ್‌ನ ಜೋಡಣೆ ಮುಗಿದಿದೆ. ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ತೊಳೆದು ಒಣಗಿಸಿಟ್ಟಿದ್ದೇನೆ. ಕಿಟ್‌ನಲ್ಲಿ ಬಂದಿರುವ ಬ್ರಿಟಿಷ್ ಗುರುತುಗಳನ್ನು ಬಿಟ್ಟು, 1987ರಲ್ಲಿ ವಿಮಾನವಾಹಕ ಹಡಗು ವಿರಾಟ್ ನಮ್ಮ ನೌಕಾಪಡೆಗೆ ಸೇರಿದ ನಂತರದ ವರ್ಷಗಳಲ್ಲಿ ಅದರ ಮೇಲಿಂದ ಹಾರುತ್ತಿದ್ದ 300ನೇ ಸ್ಕ್ವಾಡ್ರನ್ನಿನ, ಬಿಳಿ ಹುಲಿಯ ಲಾಂಛನದ ವಿಮಾನವನ್ನು ಮಾಡಬೇಕೆಂಬ ಆಸೆ. ಮೇಲ್ಭಾಗ ಕಡು ಬೂದು, ಕೆಳಭಾಗ ಬಿಳಿ ಎಂಬಷ್ಟು ಗೊತ್ತಿದೆ. ಕೇಳಬೇಕಾದುದು ಮೂರು: ಬಣ್ಣಗಳನ್ನು ಯಾವ ಕ್ರಮದಲ್ಲಿ ಹಚ್ಚಬೇಕು, ವಿಮಾನವನ್ನು ಎಷ್ಟರ ಮಟ್ಟಿಗೆ ಹಳೆಯದಾಗಿ ಕಾಣಿಸಬೇಕು, ಮತ್ತು ಭಾರತೀಯ ವೃತ್ತಲಾಂಛನದ ಡೆಕಾಲ್‌ಗಳನ್ನು (ನೀರಿನಲ್ಲಿ ಅದ್ದಿ, ಕಾಗದದಿಂದ ಜಾರಿಸಿ ಅಂಟಿಸುವ ಮುದ್ರಿತ ಗುರುತುಗಳನ್ನು) ಮನೆಯಲ್ಲೇ ಮುದ್ರಿಸಿಕೊಂಡರೆ ಕಡು ಬೂದಿಯ ಮೇಲೆ ಕೇಸರಿ ಬಣ್ಣ ಎದ್ದು ಕಾಣುತ್ತದೆಯೇ. ಇಲ್ಲಿ ಜುಲೈ ತಿಂಗಳ ಮಳೆ ಬಿಡುವು ಕೊಡುತ್ತಿಲ್ಲ ಎಂಬುದನ್ನೂ ಗಮನದಲ್ಲಿಟ್ಟು ಉತ್ತರಿಸಬೇಕಾಗಿ ವಿನಂತಿ.

ಕೋಥ್ರೂಡ್ ಕುಂಚ:
ಬಿಳಿಯನ್ನು ಮೊದಲು ಹಚ್ಚಿ, ಬೂದು ಬಣ್ಣವನ್ನು ಆಮೇಲೆ ಹಚ್ಚಿ. ಇದರಲ್ಲಿ ಎರಡನೆಯ ಆಯ್ಕೆ ಇಲ್ಲವೆಂದೇ ನನ್ನ ಅಭಿಪ್ರಾಯ. ಬಿಳಿಗೆ ಮುಚ್ಚುವ ಶಕ್ತಿ ಕಡಿಮೆ. ಕಡು ಬಣ್ಣದ ಅಂಚಿನ ಮೇಲೆ ಅದನ್ನು ಎಳೆಯಲು ಹೋದರೆ ನಾಲ್ಕಾರು ಲೇಪಗಳಾಗಿ, ಅಂಚಿನಲ್ಲಿ ಕಟ್ಟೆ ಎದ್ದು ನಿಲ್ಲುತ್ತದೆ. ಮೊದಲು ತಿಳಿ ಬೂದಿಯ ಪ್ರೈಮರ್ ಹೊಡೆದು ಸಂದುಗಳನ್ನು ಪರೀಕ್ಷಿಸಿ, ತಪ್ಪುಗಳನ್ನು ತಿದ್ದಿ, ಕೆಳಭಾಗಕ್ಕೆ ಮಾತ್ರ ಬಿಳಿ ಪ್ರೈಮರ್ ಕೊಟ್ಟು, ಅದರ ಮೇಲೆ ಬಿಳಿ ಬಣ್ಣವನ್ನು ತೆಳುವಾಗಿ, ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಬೇಕು. ಒಂದೇ ಸಲಕ್ಕೆ ಮುಚ್ಚಿಬಿಡಬೇಕೆಂಬ ಆತುರದಲ್ಲಿ ಹೊಡೆದ ಬಿಳಿ, ಪ್ಯಾನೆಲ್ ಗೆರೆಗಳನ್ನು, ಅಂದರೆ ವಿಮಾನದ ತಗಡುಗಳ ನಡುವಿನ ಸಂದನ್ನು ತೋರಿಸಲು ಕೊರೆದ ಗೆರೆಗಳನ್ನು, ತುಂಬಿಬಿಡುತ್ತದೆ.

ಮೇಲ್ಭಾಗದ ಬಣ್ಣ ಎಕ್ಸ್‌ಟ್ರಾ ಡಾರ್ಕ್ ಸೀ ಗ್ರೇ, ಅಂದರೆ ಬ್ರಿಟಿಷ್ ಮಾನಕ 381ಸಿ ಪಟ್ಟಿಯ 640ನೇ ಸಂಖ್ಯೆ. ಹಂಬ್ರೋಲ್ ಎನಾಮೆಲ್‌ನಲ್ಲಿ ಅದು 123, ಮಿಸ್ಟರ್ ಕಲರ್‌ನಲ್ಲಿ ಸಿ 333, ಅದೇ ಸಂಸ್ಥೆಯ ಅಕ್ವಿಯಸ್ ಸಾಲಿನಲ್ಲಿ ಎಚ್ 333. ಡಬ್ಬಿಯಿಂದ ತೆಗೆದು ಹಾಗೆಯೇ ಹಚ್ಚಿದರೆ 1/72ರಷ್ಟು ಸಣ್ಣ ಮಾದರಿಯ ಮೇಲೆ ಅದು ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ದೊಡ್ಡ ವಿಮಾನವನ್ನು ನಾವು ದೂರದಿಂದ, ನಡುವಿನ ಗಾಳಿಯ ಮೂಲಕ ನೋಡುತ್ತೇವೆ; ಮಾದರಿಯನ್ನು ಒಂದು ಮೊಳದ ಅಂತರದಿಂದ ನೋಡುತ್ತೇವೆ. ಆದ್ದರಿಂದ ಹತ್ತು ಭಾಗಕ್ಕೆ ಒಂದು ಭಾಗದಷ್ಟು ತಿಳಿ ಬೂದನ್ನು ಬೆರೆಸುವುದು ಒಳ್ಳೆಯದು. ಅಚ್ಚ ಬಿಳಿಯನ್ನು ಬೆರೆಸಿದರೆ ಬಣ್ಣ ಸುಣ್ಣ ಬಳಿದಂತಾಗುತ್ತದೆ.

ಬಿಳಿ ಮತ್ತು ಬೂದಿನ ನಡುವಿನ ಗಡಿ ಆ ಕಾಲದ ಚಿತ್ರಗಳಲ್ಲಿ ಕತ್ತರಿಸಿದಷ್ಟು ಸ್ಪಷ್ಟವಾಗಿರುವುದರಿಂದ, ಕಾಗದದ ಮಾಸ್ಕಿಂಗ್ ಟೇಪನ್ನೇ ಬಳಸಿ. ಟೇಪನ್ನು ಅಂಟಿಸಿ, ಅದರ ಅಂಚನ್ನು ಉಗುರಿನಿಂದ ಒತ್ತಿ, ಬೂದನ್ನು ಹಚ್ಚುವ ಮುನ್ನ ಆ ಅಂಚಿನ ಮೇಲೆ ಇನ್ನೊಮ್ಮೆ ತೆಳುವಾಗಿ ಬಿಳಿಯನ್ನೇ ಹೊಡೆಯಿರಿ. ಸೋರುವುದೇನಾದರೂ ಇದ್ದರೆ ಬಿಳಿಯ ಮೇಲೆ ಬಿಳಿಯೇ ಸೋರಿ ಸಂದು ಮುಚ್ಚಿಹೋಗುತ್ತದೆ. ಕಿಟಕಿಗೆ ಅಂಟಿಸುವ ಪ್ಲಾಸ್ಟಿಕ್ ಟೇಪನ್ನು ದಯವಿಟ್ಟು ಹತ್ತಿರ ತರಬೇಡಿ. ಅದು ಬಣ್ಣವನ್ನೂ ತನ್ನೊಂದಿಗೆ ಕರೆದೊಯ್ಯುತ್ತದೆ.

ಠಾಣೆ ಖಾಡಿ:
ಕೋಥ್ರೂಡ್ ಮೇಡಂ ಹೇಳಿದ ಕ್ರಮವನ್ನು ಒಪ್ಪುತ್ತೇನೆ. ಆದರೆ ಪುಣೆಯ ಗಾಳಿಯಲ್ಲಿ ನಡೆಯುವುದೆಲ್ಲ ಮುಲುಂಡ್‌ನಲ್ಲಿ ನಡೆಯುವುದಿಲ್ಲ. ಇಲ್ಲಿ ಜುಲೈನಲ್ಲಿ ಗಾಳಿಯ ತೇವಾಂಶ ಬಹುತೇಕ ಶೇಕಡಾ 80ಕ್ಕಿಂತ ಮೇಲೆಯೇ ಇರುತ್ತದೆ. ಲ್ಯಾಕರ್ ಬಗೆಯ ಬಣ್ಣ ಅಥವಾ ಸ್ಪ್ರೇ ಡಬ್ಬಿಯ ಮ್ಯಾಟ್ ಲೇಪ ಹೊಡೆದಾಗ ಅದರಲ್ಲಿರುವ ದ್ರಾವಕ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ತಣ್ಣಗಾದ ಮೇಲ್ಮೈಯ ಮೇಲೆ ಗಾಳಿಯ ತೇವ ಕುಳಿತು, ಒಣಗುತ್ತಿರುವ ಬಣ್ಣದೊಳಗೆ ಸಿಕ್ಕಿಕೊಂಡು ಬಿಳಿ ಮಬ್ಬಾಗುತ್ತದೆ. ಕಡು ಬೂದಿಯ ಮೇಲೆ ಈ ಮಬ್ಬು ಕಣ್ಣಿಗೆ ಹೊಡೆದು ಕಾಣುತ್ತದೆ. ಕೆಲವರು ಅದನ್ನೇ ಬಿಸಿಲಿಗೆ ಮಾಸಿದ ಬಣ್ಣವೆಂದು ಹೇಳಿ ಪ್ರದರ್ಶನದ ಮೇಜಿನ ಮೇಲಿಟ್ಟಿರುವುದನ್ನೂ ನೋಡಿದ್ದೇನೆ, ಹೆಸರು ಹೇಳುವುದಿಲ್ಲ.

ಇದಕ್ಕೆ ಮಾಡಬಹುದಾದುದು ಇಷ್ಟು. ಬಣ್ಣ ಸಿಂಪಡಿಸುವ ಏರ್‌ಬ್ರಶ್‌ಗೆ ಗಾಳಿ ಒದಗಿಸುವ ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು. ಟ್ಯಾಂಕ್ ಇದ್ದರೆ ಅದರ ಅಡಿಯ ತಿರುಪನ್ನು ಸಡಿಲಿಸಿ, ಕೆಲಸದ ಮುಂಚೆ ಮತ್ತು ನಂತರ ನೀರನ್ನು ಹೊರಬಿಡಬೇಕು. ಎ.ಸಿ. ಇರುವ ಕೋಣೆಯಲ್ಲಿ ಅದನ್ನು ಡ್ರೈ ಮೋಡ್‌ನಲ್ಲಿ ಅರ್ಧ ಗಂಟೆ ಓಡಿಸಿ, ಆಮೇಲೆ ಕೆಲಸಕ್ಕೆ ಕೂರಬೇಕು. ಲ್ಯಾಕರನ್ನೇ ಬಳಸುವುದಾದರೆ ಒಣಗುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಬೆರೆತ ಥಿನ್ನರ್ ಬೇಕು. ಮಬ್ಬು ಬಂದೇಬಿಟ್ಟರೆ, ಒಣ ದಿನವೊಂದನ್ನು ಕಾದು, ರಿಟಾರ್ಡರ್ ಸೇರಿಸಿದ ಅದೇ ಕ್ಲಿಯರನ್ನು (ಬಣ್ಣವಿಲ್ಲದ ಪಾರದರ್ಶಕ ಲೇಪವನ್ನು) ಮತ್ತೊಮ್ಮೆ ತೆಳುವಾಗಿ ಹೊಡೆದರೆ ಅನೇಕ ಸಲ ಅದು ಕರಗಿ ಹೋಗುತ್ತದೆ. ಹಚ್ಚಿದ ಮಾದರಿಯನ್ನು ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟರೆ ಧೂಳಿನ ಕಾಟವೂ ತಪ್ಪುತ್ತದೆ.

ಇನ್ನೊಂದು ಮಾತು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅಗ್ಗವೆಂದು ತರಬೇಡಿ. ಅದು ಪಾಲಿಸ್ಟೈರೀನನ್ನೇ ತಿನ್ನುತ್ತದೆ. ಟಮಿಯಾ ಅಕ್ರಿಲಿಕ್‌ಗೆ ಅವರದೇ ಎಕ್ಸ್ 20ಎ ಥಿನ್ನರ್ ಸರಿಹೋಗುತ್ತದೆ. ಸಿಗದಿದ್ದರೆ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬೋರ್ಡ್ ತೊಳೆಯಲು ಮಾರುವ ಐಸೊಪ್ರೊಪೈಲ್ ಆಲ್ಕೊಹಾಲ್ ನಡೆಯುತ್ತದೆ. ವಲ್ಲೆಹೊ ಬಣ್ಣಕ್ಕೆ ಮಾತ್ರ ಅದನ್ನು ಹಾಕಬೇಡಿ, ಗಂಟುಗಟ್ಟುತ್ತದೆ. ಮಳೆಯೆಂದು ಕಿಟಕಿ ಮುಚ್ಚಿಕೊಂಡು ಲ್ಯಾಕರ್ ಹೊಡೆಯುವವರು ಆರ್ಗ್ಯಾನಿಕ್ ಆವಿಗೆಂದೇ ಮಾಡಿದ ಕಾರ್ಟ್ರಿಜ್ ಇರುವ ಮಾಸ್ಕ್ ಧರಿಸಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಮುಲುಂಡ್ ರೆಕ್ಕೆ:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಬಣ್ಣಕ್ಕೆ ಅಕ್ರಿಲಿಕ್ಕೇ ಸರಿ. ವೆದರಿಂಗ್ ಕುರಿತು ಒಂದು ಸಂದೇಹ. ಬೂದು ಹಚ್ಚುವ ಮುಂಚೆ ಪ್ಯಾನೆಲ್ ಗೆರೆಗಳ ಮೇಲೆಲ್ಲ ಕಪ್ಪು ಗೆರೆ ಹೊಡೆದುಕೊಳ್ಳುವ ಪ್ರೀ ಶೇಡಿಂಗ್ ಪದ್ಧತಿಯನ್ನು ವಿಡಿಯೊಗಳಲ್ಲಿ ಬಹಳವಾಗಿ ನೋಡುತ್ತೇನೆ. ಅದು ಇಲ್ಲಿ ಬೇಕೇ? ಗೋವಾದ ನೌಕಾ ವಿಮಾನಯಾನ ವಸ್ತುಸಂಗ್ರಹಾಲಯದಲ್ಲಿರುವ ಸೀ ಹ್ಯಾರಿಯರ್‌ನ ಬಣ್ಣವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದೇ?

ವಾಸ್ಕೊ ರನ್‌ವೇ:
ವಸ್ತುಸಂಗ್ರಹಾಲಯದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಬೋಗ್ಮಾಲೊ ರಸ್ತೆಯ ಆ ಅಂಗಳಕ್ಕೆ ನಾನು ಆಗಾಗ ಹೋಗುತ್ತಿರುತ್ತೇನೆ. ಆಕಾರ, ಮುಚ್ಚಳಗಳ ಜಾಗ, ಚಕ್ರದ ಗೂಡಿನ ಒಳಭಾಗ, ನಾಝಲ್‌ಗಳ ಅಂಚು, ಇವುಗಳಿಗೆ ಅಲ್ಲಿರುವ ವಿಮಾನಕ್ಕಿಂತ ಒಳ್ಳೆಯ ಗುರು ಇಲ್ಲ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ. ಹೊರಾಂಗಣದಲ್ಲಿ ನಿಂತ ವಿಮಾನಗಳು ವರ್ಷಗಟ್ಟಲೆ ಗೋವಾದ ಮಳೆ, ಬಿಸಿಲು ಮತ್ತು ಉಪ್ಪು ಗಾಳಿಗೆ ಮೈಯೊಡ್ಡಿವೆ. ಪ್ರದರ್ಶನಕ್ಕೆ ನಿಲ್ಲಿಸಿದ ವಿಮಾನಕ್ಕೆ ಕಾಲಕಾಲಕ್ಕೆ ಮತ್ತೆ ಬಣ್ಣ ಬಳಿಯುವುದೂ ಎಲ್ಲ ಕಡೆ ಇರುವ ರೂಢಿ. ಅಲ್ಲಿನ ಬಣ್ಣ ಅಲ್ಲಿನ ಇಂದಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು 1987ರ ವಿರಾಟ್ ಡೆಕ್ಕನ್ನಲ್ಲ. ಸೇವೆಯ ಕಾಲದಲ್ಲಿ, ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳನ್ನೇ ಹುಡುಕಬೇಕು. ಅದರಲ್ಲೂ ನೀವು ಆರಿಸಿಕೊಂಡ ಸಂಖ್ಯೆಯ ವಿಮಾನದ್ದೇ ಚಿತ್ರ ಬೇಕು. ಒಂದಾಸನದ ವಿಮಾನಗಳ ಸಂಖ್ಯೆಗಳು ಐಎನ್ 601ರಿಂದ ಆರಂಭವಾಗುತ್ತವೆ. 1983ರಲ್ಲಿ ದಾಬೋಲಿಮ್‌ಗೆ ಬಂದಿಳಿದಂದಿನಿಂದ 2016ರಲ್ಲಿ ಅಲ್ಲೇ ನಿವೃತ್ತವಾಗುವವರೆಗೆ ಇವುಗಳ ಬಣ್ಣದ ವಿನ್ಯಾಸ ಒಂದೇ ಆಗಿರಲಿಲ್ಲ. ಬಿಳಿ ಹೊಟ್ಟೆ ಆರಂಭದ ಕಾಲದ ಗುರುತು. ಮುಂದಿನ ವರ್ಷಗಳಲ್ಲಿ ಬೂದು ಕೆಳಭಾಗವನ್ನೂ ಆವರಿಸಿತು.

ಈಗ ಕೊಳೆಯ ವಿಷಯ. ಹ್ಯಾರಿಯರ್‌ನ ಪೆಗಾಸಸ್ ಎಂಜಿನ್‌ಗೆ ತಿರುಗುವ ನಾಲ್ಕು ನಾಝಲ್‌ಗಳಿವೆ ಎಂಬುದು ನಿಮಗೆ ಗೊತ್ತೇ ಇದೆ. ಮುಂದಿನ ಎರಡರಿಂದ ಬರುವುದು ಫ್ಯಾನ್ ತಳ್ಳಿದ ಗಾಳಿ. ಅದು ಇಂಧನ ಉರಿಯುವ ಭಾಗವನ್ನು ಹಾದು ಬಂದಿರುವುದಿಲ್ಲ. ಹಿಂದಿನ ಎರಡರಿಂದ ಬರುವುದು ಉರಿದ ಅನಿಲ. ಆದ್ದರಿಂದ ಮಸಿ, ಕಂದು, ಶಾಖಕ್ಕೆ ಬಣ್ಣ ತಿರುಗಿದ ಲೋಹ, ಇವೆಲ್ಲ ಹಿಂದಿನ ನಾಝಲ್‌ಗಳಿಗೆ ಮತ್ತು ಅವುಗಳ ಹಿಂದೆ ದೇಹದ ಪಕ್ಕದಲ್ಲಿರುವ ಶಾಖ ತಡೆಯುವ ಫಲಕಕ್ಕೆ ಸೇರಿದವು. ನಾಲ್ಕು ನಾಝಲ್‌ಗಳಿಗೂ ಒಂದೇ ಸಮನಾಗಿ ಕಪ್ಪು ಪುಡಿ ತಿಕ್ಕಿದ ಮಾದರಿಗಳನ್ನು ನೋಡಿದಾಗ, ಮಾಡಿದವರು ಎಂಜಿನ್ನಿನ ಬಗ್ಗೆ ಒಮ್ಮೆಯೂ ಯೋಚಿಸಿಲ್ಲವೆಂದು ತಿಳಿಯುತ್ತದೆ. ವಿರಾಟ್ ಮೇಲೆ ಈ ವಿಮಾನ ಸ್ಕೀ ಜಂಪ್, ಅಂದರೆ ಡೆಕ್ಕಿನ ಮುಂದಿನ ತುದಿಯ ಏರುದಾರಿಯ ಮೂಲಕ ಏರುತ್ತಿತ್ತು, ನೇರವಾಗಿ ಕೆಳಗಿಳಿಯುತ್ತಿತ್ತು. ಇಳಿಯುವಾಗ ಬಿಸಿ ಅನಿಲ ಡೆಕ್ಕಿಗೆ ಬಡಿದು ಮೇಲಕ್ಕೆ ಮರಳುವುದರಿಂದ, ದೇಹದ ಹಿಂದಿನ ಅರ್ಧದ ಕೆಳಭಾಗದಲ್ಲಿ ಬಿಳಿ ಬಣ್ಣ ಹೆಚ್ಚು ಮಾಸಬೇಕು. ಮೂತಿಯ ಕೆಳಗೆ ಅಷ್ಟಿರಬಾರದು.

ಬಣ್ಣ ಎದ್ದು ಅಲ್ಯೂಮಿನಿಯಂ ಕಾಣುವ ಚುಕ್ಕೆಗಳನ್ನೂ ಮಿತಿಯಲ್ಲಿಡಿ. ಉಪ್ಪು ಗಾಳಿಯಲ್ಲಿ ಬರಿಯ ಲೋಹವನ್ನು ಬಿಟ್ಟರೆ ಅದು ಕೊರೆದು ಹೋಗುತ್ತದೆಂದು ನೌಕಾಪಡೆಯ ವಿಮಾನಗಳನ್ನು ಸಿಹಿನೀರಿನಿಂದ ತೊಳೆಯುತ್ತಾರೆ, ಎದ್ದ ಜಾಗಕ್ಕೆ ಕೂಡಲೇ ಬಣ್ಣ ಮೆತ್ತುತ್ತಾರೆ. ಹಾಗಾಗಿ ಹಡಗಿನ ವಿಮಾನದ ವಯಸ್ಸು ಕಾಣುವುದು ಮಾಸಿದ ಬೂದಿಯ ನಡುವೆ ಅಲ್ಲಲ್ಲಿ ಹೊಸ ಬೂದಿಯ ತೇಪೆಗಳಲ್ಲಿ. ನೀವು ಮಾಡಬೇಕಾದುದು ಇಷ್ಟೇ: ತಿಳಿಗೊಳಿಸಿದ ಬೂದನ್ನು ಹಚ್ಚಿದ ಮೇಲೆ, ಬೆರೆಸದ ಮೂಲ ಬೂದನ್ನು ಸಣ್ಣ ಕುಂಚದಲ್ಲಿ ತೆಗೆದುಕೊಂಡು, ಮುಚ್ಚಳಗಳ ಸುತ್ತ, ರೆಕ್ಕೆಯ ಮುಂಚೂಣಿಯಲ್ಲಿ, ಏಣಿ ಇಡುವ ಜಾಗದಲ್ಲಿ ಕೆಲವು ಚೌಕ, ಕೆಲವು ಅಡ್ಡಾದಿಡ್ಡಿ ತೇಪೆಗಳನ್ನು ಹಾಕಿ.

ಕೋಥ್ರೂಡ್ ಕುಂಚ:
ತೇಪೆಗಳ ಮಾತು ಬಹಳ ಸರಿ. ಇದೇ ವಿರಾಟ್ ಹಡಗು 1982ರಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ಹರ್ಮಿಸ್ ಎಂಬ ಹೆಸರಿನಲ್ಲಿ ಫಾಕ್‌ಲ್ಯಾಂಡ್ಸ್ ಕಡೆಗೆ ಹೊರಟಾಗ, ಸೀ ಹ್ಯಾರಿಯರ್‌ಗಳ ಬಿಳಿ ಹೊಟ್ಟೆಯನ್ನು ಪ್ರಯಾಣದ ನಡುವೆಯೇ ಬೂದಿನಿಂದ ಮುಚ್ಚಿದ್ದರು. ಹಡಗಿನ ಮೇಲೆ ಬಣ್ಣ ಬಳಿಯುವುದು ಅಂಥ ಅಪರೂಪವೇನಲ್ಲ.

ಪ್ರೀ ಶೇಡಿಂಗ್ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾಗಿದೆ: ಬಿಳಿಯ ಕೆಳಗೆ ಅದು ಬೇಡವೇ ಬೇಡ, ಬೂದಿಯ ಕೆಳಗೆ ಅದು ಕಾಣುವುದೇ ಇಲ್ಲ. ಪ್ರತಿ ಗೆರೆಯ ಪಕ್ಕದಲ್ಲೂ ನೆರಳಿರುವ ವಿಮಾನ ನಿಜಲೋಕದಲ್ಲಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಕಿಟ್‌ನ ಮೇಲಿನ ಗೆರೆ 0.2 ಮಿಲಿಮೀಟರ್ ಅಗಲವಿದ್ದರೆ, ಅದನ್ನು 72ರಿಂದ ಗುಣಿಸಿದಾಗ 14.4 ಮಿಲಿಮೀಟರ್ ಆಗುತ್ತದೆ. ಬೆರಳು ತೂರುವಷ್ಟು ಸಂದಿರುವ ಯುದ್ಧವಿಮಾನವನ್ನು ಯಾರೂ ಹಾರಿಸುವುದಿಲ್ಲ. ಗೆರೆಯೇ ಉತ್ಪ್ರೇಕ್ಷೆಯಾಗಿರುವಾಗ ಅದರಲ್ಲಿ ಕಪ್ಪು ವಾಶ್ (ಗೆರೆಯೊಳಗೆ ಹರಿಯುವಂತೆ ತೆಳುಗೊಳಿಸಿದ ಬಣ್ಣ) ತುಂಬಿಸುವುದು ಉತ್ಪ್ರೇಕ್ಷೆಯ ಮೇಲೆ ಉತ್ಪ್ರೇಕ್ಷೆ. ಬಿಳಿ ಭಾಗಕ್ಕೆ ತಿಳಿ ಬೂದು, ಕಡು ಬೂದು ಭಾಗಕ್ಕೆ ಅದಕ್ಕಿಂತ ಒಂದೇ ಛಾಯೆ ಕಪ್ಪಾದ ವಾಶ್ ಸಾಕು. ಕ್ಯಾಮೆಲ್ ತೈಲವರ್ಣದ ಟ್ಯೂಬುಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ಅಪ್ಪಾ ಬಳವಂತ ಚೌಕದ ಆಸುಪಾಸಿನ ಅಂಗಡಿಗಳಲ್ಲಿ ಬಿಡಿಯಾಗಿಯೂ ಸಿಗುತ್ತವೆ. ಟ್ಯೂಬಿನಿಂದ ಹಿಂಡಿದ ಬಣ್ಣವನ್ನು ರಟ್ಟಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಎಣ್ಣೆ ಇಂಗುತ್ತದೆ; ಆಮೇಲೆ ವೈಟ್ ಸ್ಪಿರಿಟ್‌ನಲ್ಲಿ ಕದಡಿ, ಮೊನಚು ಕುಂಚದಿಂದ ಗೆರೆಯನ್ನು ಮುಟ್ಟಿಸಿದರೆ ಅದು ತಾನಾಗಿ ಹರಿದು ಹೋಗುತ್ತದೆ. ಒರೆಸುವಾಗ ಗಾಳಿ ಹರಿಯುವ ದಿಕ್ಕಿನಲ್ಲಿ, ಮುಂದಿನಿಂದ ಹಿಂದಕ್ಕೆ ಒರೆಸಬೇಕು.

ಇವೆಲ್ಲಕ್ಕೂ ಮುಂಚೆ ಹೊಳಪಿನ ಕ್ಲಿಯರ್ ಲೇಪ ಬೇಕು, ಅದರ ಮೇಲೆ ಡೆಕಾಲ್, ಅದರ ಮೇಲೆ ಮತ್ತೊಂದು ಕ್ಲಿಯರ್, ಆಮೇಲೆ ವಾಶ್. ಎನಾಮೆಲ್ ಬಣ್ಣ ಹಚ್ಚಿದವರು ಈ ಅಕ್ರಿಲಿಕ್ ಕ್ಲಿಯರನ್ನು ತಪ್ಪಿಸುವಂತೆಯೇ ಇಲ್ಲ. ವೈಟ್ ಸ್ಪಿರಿಟ್ ಕೆಳಗಿನ ಎನಾಮೆಲನ್ನೂ ಎಬ್ಬಿಸಿಬಿಡುತ್ತದೆ.

ಠಾಣೆ ಖಾಡಿ:
ಪ್ರೀ ಶೇಡಿಂಗ್‌ಗೆ ಪೂರ್ತಿ ತಲಾಕ್ ಕೊಡಬೇಕಾಗಿಲ್ಲ, ಮೇಡಂ. ಗೆರೆಗಳ ಮೇಲಲ್ಲದೆ, ಬಿಡಿಬಿಡಿಯಾಗಿ, ಚುಕ್ಕೆಚುಕ್ಕೆಯಾಗಿ ಬೇರೆ ಬೇರೆ ಬೂದುಗಳನ್ನು ಕೆಳಗೆ ಹೊಡೆದು ಮೇಲೆ ತೆಳುವಾದ ಲೇಪ ಕೊಟ್ಟರೆ ದೊಡ್ಡ ಮೇಲ್ಮೈಗೆ ಜೀವ ಬರುತ್ತದೆ. 1/48ರಲ್ಲಿ ಇದು ಬೇಕೆಂದೇ ಅನಿಸುತ್ತದೆ.

ಕೋಥ್ರೂಡ್ ಕುಂಚ:
1/48ಕ್ಕೆ ಒಪ್ಪಿದೆ. ಇದು 1/72; ರೆಕ್ಕೆಯೇ ಅಂಗೈಯಗಲ ಇಲ್ಲ.

ಮಾಟುಂಗಾ ಹಳೆ ಡಬ್ಬಿ:
ಡೆಕಾಲ್ ಪ್ರಶ್ನೆಗೆ ಯಾರೂ ಉತ್ತರ ಕೊಡದಿರುವುದರಿಂದ ನಾನು ಬರೆಯುತ್ತೇನೆ. ಪಾರದರ್ಶಕ ಡೆಕಾಲ್ ಹಾಳೆಯ ಮೇಲೆ ಲೇಸರ್ ಪ್ರಿಂಟರ್‌ನಲ್ಲಿ ಮುದ್ರಿಸಿದ ಕೇಸರಿ, ಕಡು ಬೂದಿಯ ಮೇಲೆ ಕೂತೊಡನೆ ಕೊಳಕು ಕಂದಾಗುತ್ತದೆ. ಸಾಮಾನ್ಯ ಪ್ರಿಂಟರ್‌ಗೆ ಬಿಳಿ ಶಾಯಿ ಇರುವುದಿಲ್ಲ. ಅಲ್ಲಿ ಬಿಳಿಯೆಂದರೆ ಕಾಗದದ ಬಿಳಿಯೇ. ನಮ್ಮ ವೃತ್ತಲಾಂಛನದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು; ಹಾಗಾಗಿ ಮಧ್ಯದ ಬಿಳಿ ಬಳೆಯಂತೂ ಪೂರ್ತಿ ಮಾಯವಾಗುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಬಿಳಿ ಹಿನ್ನೆಲೆಯ ಡೆಕಾಲ್ ಹಾಳೆಯ ಮೇಲೆ ಮುದ್ರಿಸಿ, ವೃತ್ತದ ಅಂಚಿಗೆ ಸರಿಯಾಗಿ, ಬಿಳಿಯ ಎಳೆಯೂ ಉಳಿಯದಂತೆ ಕತ್ತರಿಸುವುದು ಒಂದು. ವೃತ್ತ ಕತ್ತರಿಸುವ ಕೈವಾರದಿಂದ ಮಾಸ್ಕಿಂಗ್ ಟೇಪಿನಲ್ಲಿ ರಂಧ್ರ ಮಾಡಿ, ಲಾಂಛನಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದ ಬಿಳಿ ವೃತ್ತವನ್ನು ವಿಮಾನದ ಮೇಲೆಯೇ ಹೊಡೆದು, ಅದರ ಮೇಲೆ ಪಾರದರ್ಶಕ ಡೆಕಾಲ್ ಕೂರಿಸುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ, ಅಂಚು ತೆಳುವಾಗಿರುತ್ತದೆ. ಬಾಲದ ಬಿಳಿ ಹುಲಿಯನ್ನು ಮಾತ್ರ ಹೀಗೆ ಮಾಡಲಾಗುವುದಿಲ್ಲ. ಅದಕ್ಕೆ ನಿಜವಾದ ಬಿಳಿ ಶಾಯಿಯಲ್ಲಿ ಮುದ್ರಿಸಿದ, ಮಾರುಕಟ್ಟೆಯಲ್ಲಿ ಬೇರೆಯಾಗಿ ಸಿಗುವ ಡೆಕಾಲನ್ನೇ ಕೊಳ್ಳಿ. ಇಂಕ್‌ಜೆಟ್‌ನಲ್ಲಿ ಮುದ್ರಿಸುವವರು ನೀರಿಗೆ ಹಾಕುವ ಮುನ್ನ ಕ್ಲಿಯರ್ ಲೇಪವನ್ನು ಎರಡು ಸಲ ಹೊಡೆದು ಒಣಗಿಸಬೇಕು, ಇಲ್ಲವಾದರೆ ಬಣ್ಣವೆಲ್ಲ ಬಟ್ಟಲಿನಲ್ಲಿ ತೇಲುತ್ತದೆ.

ಕೂರಿಸುವ ವಿಧಾನ ಹೀಗಿದೆ. ಟಮಿಯಾ ಎಕ್ಸ್ 22ರಂಥ ಹೊಳಪಿನ ಲೇಪವನ್ನು ಕೊಟ್ಟು, ಬೇರೆ ಕಾಲದಲ್ಲಿ ಒಂದು ದಿನ ಸಾಕಾದರೆ, ಈ ಮಳೆಗೆ ಎರಡು ಮೂರು ದಿನ ಬಿಡಿ. ಮೂಗಿಗೆ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲವೆಂದೇ ಅರ್ಥ. ಉಗುರುಬೆಚ್ಚಗಿನ ನೀರಿನಲ್ಲಿ ಡೆಕಾಲನ್ನು ಹದಿನೈದು ಇಪ್ಪತ್ತು ಸೆಕೆಂಡು ಅದ್ದಿ, ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಜಾಗದಲ್ಲಿ ಡೆಕಾಲ್ ಕೂರಲು ನೆರವಾಗುವ ಮೈಕ್ರೋ ಸೆಟ್ ದ್ರವವನ್ನು ಹಚ್ಚಿ, ಕಾಗದದಿಂದ ನೇರವಾಗಿ ಅಲ್ಲಿಗೇ ಜಾರಿಸಿ, ಒದ್ದೆ ಕುಂಚದಿಂದ ಸರಿಹೊಂದಿಸಿ, ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ ನೀರು ಮತ್ತು ಗಾಳಿಯನ್ನು ಹೊರಹಾಕಿ. ಆಮೇಲೆ ಮೈಕ್ರೋ ಸಾಲ್. ಅದು ಡೆಕಾಲನ್ನು ಮೆತ್ತಗೆ ಮಾಡಿ ಗೆರೆಯೊಳಗೆ ಇಳಿಸುತ್ತದೆ. ಮೊದಲು ಡೆಕಾಲ್ ಸುಕ್ಕುಗಟ್ಟಿ ಹೆದರಿಸುತ್ತದೆ. ಆ ಹೊತ್ತಿನಲ್ಲಿ ಬೆರಳು ಹಾಕಬಾರದು, ಒಣಗುತ್ತಾ ಅದೇ ಸಮತಟ್ಟಾಗುತ್ತದೆ. ಮನೆಯಲ್ಲಿ ಮುದ್ರಿಸಿದ ಡೆಕಾಲ್‌ಗಳ ಸ್ವಭಾವ ಹಾಳೆಯಿಂದ ಹಾಳೆಗೆ ಬೇರೆಯಾಗುವುದರಿಂದ, ಒಂದು ಹೆಚ್ಚಿನ ವೃತ್ತ ಮುದ್ರಿಸಿಕೊಂಡು ಹಳೆಯ ರೆಕ್ಕೆಯ ಮೇಲೆ ಪರೀಕ್ಷಿಸಿ ನೋಡಿ.

ಠಾಣೆ ಖಾಡಿ:
ಹಿರಿಯರೇ, ಇಷ್ಟೆಲ್ಲ ಮಾಡಿದರೂ ಡೆಕಾಲಿನ ಅಡಿಯಲ್ಲಿ ಬೆಳ್ಳಿಯಂಥ ಹೊಳಪು ಕಾಣಿಸಿಕೊಂಡರೆ?

ಮಾಟುಂಗಾ ಹಳೆ ಡಬ್ಬಿ:
ಅದು ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ. ಒರಟು ಮೇಲ್ಮೈಯ ತಗ್ಗುಗಳಲ್ಲಿ ಗಾಳಿ ಉಳಿಯುವುದರಿಂದಲೇ ಹೊಳಪಿನ ಲೇಪ ಬೇಕೆನ್ನುವುದು. ಹೊಸ ಬ್ಲೇಡಿನ ತುದಿ ಅಥವಾ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಮೈಕ್ರೋ ಸಾಲನ್ನು ಮತ್ತೆ ಮುಟ್ಟಿಸಿದರೆ ದ್ರವ ಒಳಹೋಗಿ ಗಾಳಿ ಹೊರಬರುತ್ತದೆ. ದೊಡ್ಡ ಕಲೆಗೆ ಇದನ್ನು ಎರಡು ಮೂರು ಸಲ ಮಾಡಬೇಕಾದೀತು. ಮೇಲೆ ಮ್ಯಾಟ್ ಲೇಪ ಹೊಡೆದರೆ ಮುಚ್ಚಿಹೋಗುತ್ತದೆಂದು ನಂಬಿ ಮುಂದುವರಿಯಬೇಡಿ, ಮುಚ್ಚುವುದಿಲ್ಲ. ಎಲ್ಲ ಮುಗಿದ ಮೇಲೆ ಒದ್ದೆ ಹತ್ತಿಯಿಂದ ಸುತ್ತಲಿನ ಅಂಟನ್ನು ಒರೆಸಿ ತೆಗೆಯಿರಿ. ಉಳಿದ ಅಂಟು ಕ್ಲಿಯರ್ ಅಡಿಯಲ್ಲಿ ಹಳದಿ ಕಲೆಯಾಗಿ ಕೂರುತ್ತದೆ.

ಮುಲುಂಡ್ ರೆಕ್ಕೆ:
ಕೊನೆಯ ಲೇಪ ಪೂರ್ತಿ ಮ್ಯಾಟ್ ಇರಬೇಕೇ? ಕಿಟ್‌ನಲ್ಲಿ ಸೈಡ್‌ವೈಂಡರ್ ಕ್ಷಿಪಣಿಗಳೂ ಇವೆ, ಅವನ್ನೇ ತೂಗಿಸಬಹುದೇ?

ವಾಸ್ಕೊ ರನ್‌ವೇ:
ಪೂರ್ತಿ ಮ್ಯಾಟ್ ಬೇಡ. ಆರಂಭದ ಆ ವಿನ್ಯಾಸ ಹೊಳಪಿನ ಬಣ್ಣದ್ದು. ಬಳಕೆಯಲ್ಲಿ ಹೊಳಪು ಕುಂದಿರುತ್ತದೆಯೇ ಹೊರತು ಸುಣ್ಣದ ಗೋಡೆಯಾಗಿರುವುದಿಲ್ಲ. ಸೆಮಿ ಗ್ಲಾಸ್ ಲೇಪ ಕೊಟ್ಟು, ನಾಝಲ್‌ಗಳ ಹಿಂದಿನ ಜಾಗಕ್ಕೆ ಮತ್ತು ಮೂತಿಯ ರೇಡಾರ್ ಕವಚಕ್ಕೆ ಮಾತ್ರ ಸ್ವಲ್ಪ ಹೆಚ್ಚು ಮ್ಯಾಟ್ ಕೊಡಿ. ಮಸಿಯ ಪುಡಿಯನ್ನು ಅದಾದ ಮೇಲೆ ತಿಕ್ಕಿ.

ಸೈಡ್‌ವೈಂಡರ್‌ಗಳನ್ನು ಪೆಟ್ಟಿಗೆಯಲ್ಲೇ ಬಿಡಿ. ನಮ್ಮ ಎಫ್‌ಆರ್‌ಎಸ್ 51 ವಿಮಾನಗಳು ಫ್ರಾನ್ಸಿನ ಮಾತ್ರಾ ಮ್ಯಾಜಿಕ್ ಕ್ಷಿಪಣಿಗಳನ್ನು ಹೊರುತ್ತಿದ್ದವು. ಅದೇ ಅಳತೆಯ ಮಿರಾಜ್ 2000 ಕಿಟ್‌ಗಳಲ್ಲಿ ಅವು ಸಾಮಾನ್ಯವಾಗಿ ಇರುತ್ತವೆ, ಯಾರಾದರೂ ಸದಸ್ಯರ ಬಳಿ ಉಳಿದಿರಬಹುದು. ಡರ್ಬಿ ಕ್ಷಿಪಣಿ ಬಂದದ್ದು ಬಹಳ ಮುಂದೆ, ರೇಡಾರ್ ಬದಲಾದ ಕಾಲದಲ್ಲಿ. ಬಿಳಿ ಹೊಟ್ಟೆಯ ವಿಮಾನಕ್ಕೆ ಅದು ಹೊಂದುವುದಿಲ್ಲ.

ಮಾಟುಂಗಾ ಹಳೆ ಡಬ್ಬಿ:
ಮ್ಯಾಜಿಕ್ ಒಂದು ಜೊತೆ ನನ್ನಲ್ಲಿದೆ, ಮಿರಾಜ್‌ಗೆ ನಾನು ಬರಿಯ ಟ್ಯಾಂಕ್ ತೂಗಿಸಿದ್ದೆ. ಭಾನುವಾರ ಮಾಟುಂಗಾ ಕಡೆ ಬಂದರೆ ತೆಗೆದುಕೊಂಡು ಹೋಗಿ. ರೆಕ್ಕೆ ತುದಿಯ ಔಟ್‌ರಿಗರ್ ಚಕ್ರಗಳನ್ನು ಇನ್ನೂ ಅಂಟಿಸಿಲ್ಲವೆಂದು ಭಾವಿಸುತ್ತೇನೆ. ಕ್ಲಿಯರ್ ಲೇಪಗಳೆಲ್ಲ ಮುಗಿಯುವವರೆಗೆ ಅವುಗಳನ್ನು ಡಬ್ಬಿಯಲ್ಲೇ ಇಡಿ.